ಎರಡನೇ ಗೇರು

ನಮ್ಮ ಕಡೆ ಗೇರು ಅಂದರೆ ಮೊದಲು ಹಣ್ಣು.
ಕಚ್ಚಿದರೆ ರಸ, ಆಮೇಲೆ ಗಂಟಲ ಕೆರೆತ.
ನನ್ನ ಲ್ಯಾನ್ಸರಿನದೂ ಅದೇ ಜಾತಿ:
ಒಂದು ಸಲೀಸು, ಮೂರು ಬೆಣ್ಣೆ,
ಎರಡಕ್ಕೆ ಹಾಕುವಾಗ ಮಾತ್ರ
ಕರ್ರ್ ಎಂದು ಕೆರೆದುಕೊಳ್ಳುತ್ತಿತ್ತು.

ಎರಡು ಸಾವಿರದ ಒಂದರ ಗಾಡಿ.
ಮೊದಲ ಯಜಮಾನರು ದುಬಾಯಿಯಲ್ಲಿದ್ದವರು,
ವರ್ಷಕ್ಕೆ ನಲವತ್ತು ದಿನ ಓಡಿಸಿ
ಉಳಿದ ದಿನ ಹೊದಿಕೆ ಹೊದೆಸಿಟ್ಟವರು.
ಆಮೇಲಿನ ಇಬ್ಬರ ಬಗ್ಗೆ
ಗಾಡಿಯೇ ಚಾಡಿ ಹೇಳುತ್ತದೆ:
ಬಾಗಿಲ ಬಣ್ಣದಡಿ ಬೆರಳು ದಪ್ಪದ ಪುಟ್ಟಿ,
ಸೀಟಿನಡಿ ಕುಂಬಳೆಯ ಯಾವುದೋ ಮದುವೆಯ
ಒಣಗಿದ ಮಲ್ಲಿಗೆ ದಾರ.

ನಾನು ಮಂಜೇಶ್ವರದ ಐಸ್ ಪ್ಲಾಂಟಿನಲ್ಲಿ
ಕಂಪ್ರೆಸರ್ ನೋಡಿಕೊಳ್ಳುವವ.
ಸದ್ದು ಕೇಳಿ ಜ್ವರ ಹೇಳುವ ಕೆಲಸ.
ಎಪ್ಪತ್ತೆಂಟು ಸಾವಿರಕ್ಕೆ ಇದನ್ನು ತಂದಾಗ
ಸುಗುಣ ಕೇಳಿದ್ದು ಒಂದೇ ಮಾತು:
ಇದರ ಹಣೆಗೂ ಐಸ್ ಇಡಬೇಕಾ?

ಮೊದಲ ವರ್ಷ ನನಗೆ ಹುಚ್ಚು.
ಸ್ಪ್ರಿಂಗ್ ಕುಯ್ಯಿಸಿ ತಗ್ಗಿಸಿದೆ;
ಹೊಸಂಗಡಿ ಗೇಟಿನ ಹಳಿ ದಾಟುವಾಗ
ಅದರ ಹೊಟ್ಟೆ ಉಜ್ಜಿತು, ನನ್ನದು ಉರಿಯಿತು.
ದೊಡ್ಡ ಬಾಯಿಯ ಸೈಲೆನ್ಸರ್ ಹಾಕಿಸಿದೆ;
ಉಪ್ಪಳದಲ್ಲಿ ಕೈ ಅಡ್ಡ ಹಿಡಿದ ಎಳೆಯ ಇನ್‌ಸ್ಪೆಕ್ಟರ್
ಬಗ್ಗಿ, ಕೊಳವೆಯೊಳಗೆ ಟಾರ್ಚು ಬಿಟ್ಟು,
ಮಲಯಾಳದಲ್ಲಿ ಬೈದು, ಕನ್ನಡದಲ್ಲಿ ದಂಡ ಹೇಳಿ,
ರಶೀದಿ ಹರಿದು ಕೊಡುವಾಗ
ತುಳುವಿನಲ್ಲಿ ಮೆಲ್ಲ ಕೇಳಿದ: ಏತ್ ಪೋಪುಂಡು?
ಎಷ್ಟು ಹೋಗುತ್ತದೆ ಅಂತ.
ಐದು ಸಾವಿರ ಹೋಯಿತಲ್ಲ, ಅಂದೆ.

ಆಮೇಲೆ ಒಂದೊಂದೇ ಕಳಚಿದೆ.
ಕಂಪನಿಯ ಸ್ಪ್ರಿಂಗ್ ಹುಡುಕಿ ಕೊಲ್ಹಾಪುರದವರೆಗೆ ಫೋನು.
ಹಾಕಿಸಿದ್ದಕ್ಕಿಂತ ತೆಗೆಸಿದ್ದಕ್ಕೇ ಹೆಚ್ಚು ಖರ್ಚು.
ಇಂಜಿನಿಗೆ ಕೂಡಿಸಿದ ನಾಲ್ಕು ಸ್ಟೀಲ್ ಕೊಳವೆ ಮಾತ್ರ ಬಿಟ್ಟುಕೊಡಲಿಲ್ಲ.
ಬಾನೆಟ್ಟಿನಡಿ ಯಾರಿಗೂ ಕಾಣದೆ ಇದೆ,
ಹಳೆ ಅಂಗಿಯೊಳಗಿನ ಹೊಸ ಬನಿಯನ್ನಿನ ಹಾಗೆ.

ಕಡಲು ಮನೆಗೆ ಎಂಟು ಫರ್ಲಾಂಗು.
ಉಪ್ಪುಗಾಳಿಗೆ ತಗಡೆಂದರೆ ಬಿಸ್ಕತ್ತು.
ಶನಿವಾರ ಸಂಜೆ ಪೈಪು ಹಿಡಿದು ತೊಳೆದು
ಚಕ್ರದ ಕಮಾನಿನೊಳಗೆ ಬೆರಳಾಡಿಸಿ
ಎಲ್ಲಿ ಉದುರುತ್ತಿದೆ ಎಂದು ತಡವುವಾಗ
ಮಗಳು ಶ್ರಾವ್ಯ ಕರೆಯುವುದು: ಹಲ್ಲು ಡಾಕ್ಟ್ರೇ.
ಪೆಟ್ರೋಲಿಗೆ ತಲಪಾಡಿ ದಾಟಬೇಕು,
ಆಚೆ ಲೀಟರಿಗೆ ನಾಲ್ಕು ಕಾಸು ಕಮ್ಮಿ.
ಗಡಿ ಎಂದರೆ ನನಗೆ
ಟ್ಯಾಂಕಿನ ಮುಚ್ಚಳ ತೆರೆಯುವ ಜಾಗ.

ಭಾನುವಾರ ಬೆಳಗ್ಗೆ ಐದೂವರೆ.
ಪೈವಳಿಕೆ ಕಳೆದು ಪೊಸಡಿಗುಂಪೆಯ ಏರು.
ಮುರಕಲ್ಲಿನ ಲಾರಿಗಳು ಏಳುವ ಮೊದಲು
ದಾರಿ ಪೂರಾ ನಮ್ಮದು.
ತಿರುವು ತಿರುವಿಗೂ ಎರಡನೆಯದೇ ಬೇಕು.
ಕ್ಲಚ್ಚು, ನ್ಯೂಟ್ರಲ್, ಬಲಗಾಲಿನ ಒಂದು ತಟ್ಟು,
ಮತ್ತೆ ಕ್ಲಚ್ಚು: ಆಗ ಬಾಗಿಲು ತೆಗೆಯುತ್ತದೆ.
ಹನ್ನೊಂದು ವರ್ಷ ಹೀಗೆ
ಎರಡು ಸಲ ಕದ ತಟ್ಟಿಯೇ ಒಳಗೆ ಹೋದೆ.

ಈ ಸಲ ಗೇರು ಹೂ ಬಿಡುವ ಹೊತ್ತಿಗೆ
ಅಂದುಂಞಿಯ ಫೋನು:
ಬಂದ್ಯೋಡಿನ ಗುಜರಿಯಲ್ಲಿ ಒಂದು ಪೆಟ್ಟಿಗೆ ಸಿಕ್ಕಿದೆ,
ಒಳಗೆ ಎರಡನೆಯದರ ರಿಂಗು ಸಮಾ ಉಂಟು ಮಾರಾಯ್ರೇ.
ಹಳೆಯದನ್ನು ಬಿಚ್ಚಿ ಅಂಗೈಗೆ ಹಾಕಿದ.
ಹಿತ್ತಾಳೆಯ ಬಳೆ, ಹಲ್ಲೇ ಇಲ್ಲ,
ಅಜ್ಜಿಯ ವಸಡಿನ ನುಣುಪು.
ಇದರಲ್ಲಿ ಇಷ್ಟು ವರ್ಷ ಹೇಗೆ ಓಡಿಸಿದಿರಿ?
ನನಗೆ ಸ್ವಲ್ಪ ಜಂಬವೇ ಆಯಿತು.

ಜೋಡಿಸಿ ಮುಗಿಸಿ ಅದೇ ಏರಿಗೆ ಹೊರಟೆವು.
ಎರಡಕ್ಕೆ ಹಾಕಿದೆ.
ಏನೂ ಕೇಳಿಸಲಿಲ್ಲ.
ಹಾಕಿದೆನೋ ಇಲ್ಲವೋ ಎಂದು ಕೈ ಮುಟ್ಟಿ ನೋಡಿತು.
ಪಕ್ಕದಲ್ಲಿ ಅಂದುಂಞಿ ರಸ್ತೆ ನೋಡುತ್ತಿರಲಿಲ್ಲ,
ನನ್ನ ಎಡಗಾಲು ನೋಡುತ್ತಿದ್ದ.
ಗಾಡಿಯದ್ದು ಸರಿಯಾಯ್ತು, ಅಂದ,
ಇನ್ನು ಇದನ್ನೂ ಬಿಚ್ಚಬೇಕಾ?

ಮುಂದಿನ ತಿರುವು ಬಂತು.
ತೆರೆದೇ ಇದ್ದ ಬಾಗಿಲನ್ನು
ಕಾಲು ಎರಡು ಸಲ ತಟ್ಟಿತು.