ಬಲಗಡೆಯ ಸೀಟು

ಬಟೂಮಿಯ ಬಂದರಿನ ಹಿಂದೆ, ಟೈರಿನಂಗಡಿ ದಾಟಿದರೆ
ಎರಡನೇ ಗ್ಯಾರೇಜು ನನ್ನದು.
ಹುಡುಗರು ಬರುತ್ತಾರೆ, ಡಿಕ್ಕಿ ತುಂಬ ಗುಡುಗು ಕೇಳುತ್ತಾರೆ,
ನಂಬರ್ ಪ್ಲೇಟು ಗಡಗಡ ನಡುಗಬೇಕು ಅನ್ನುತ್ತಾರೆ.
ನಡುಗಿಸಿ ಕಳಿಸುತ್ತೇನೆ. ಬಾಡಿಗೆ ಕಟ್ಟಬೇಕಲ್ಲ.

ಎಲ್ಗೂಜಾ ಬಂದದ್ದು ಬುಧವಾರ, ಮೂವತ್ತು ವರ್ಷದ ಬೆಂಜಿನಲ್ಲಿ.
ಚಹಾ ಕಾರ್ಖಾನೆಗೆ ಲಾರಿ ಹೊಡೆದ ಕೈ,
ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು.
ಜೇಬಿನಿಂದ ಕ್ಯಾಸೆಟ್ಟೊಂದನ್ನು ತೆಗೆದು ಮೇಜಿಗಿಟ್ಟ,
ರಾತ್ರಿ ಹಲ್ಲಿನ ಸೆಟ್ಟು ತೆಗೆದಿಡುವ ಜೋಪಾನದಲ್ಲಿ.
"ಇದು ಚೆನ್ನಾಗಿ ಕೇಳಬೇಕು. ಜೋರಾಗಿ ಅಲ್ಲ."

ಇಂಥ ಗಿರಾಕಿ ವರ್ಷಕ್ಕೊಬ್ಬ.

ಹಾಕಿ ಕೇಳಿದೆ. ಮೂವರು ಗಂಡಸರು, ವಾದ್ಯವಿಲ್ಲ,
ಗುರಿಯಾ ಸೀಮೆಯ ಹಾಡು.
ಕೆಳಗೊಬ್ಬ ಚಪ್ಪಡಿ ಹಾಸುತ್ತ ಹೋಗುತ್ತಾನೆ,
ನಡುವೆ ಒಬ್ಬ ಸಾಲು ಹೇಳುತ್ತಾನೆ,
ಮೇಲಿನವನದು ಹುಂಜ ಮರ ಹತ್ತಿದಂತೆ,
ಕೂಗಿ, ಮುರಿದು, ಮುರಿದಲ್ಲಿಂದಲೇ ಮತ್ತೆ ಕೂಗು.
"ಅದು ನಾನು" ಎಂದ, ಈಗಿನ ಗೊಗ್ಗರು ಗಂಟಲಲ್ಲಿ.
"ಕೆಳಗಿನವನು ಓಟಿಯಾ.
ನಡುವಿನವನು ಗ್ರೀಸಿಗೆ ಹೋದ, ಕಾಗದವಿಲ್ಲ."

ಲೋಹದ ಟ್ವೀಟರ್ ಬೇಡ ಅಂದೆ, ನಿನ್ನ ದನಿ ಸೂಜಿಯಾಗುತ್ತದೆ;
ರೇಷ್ಮೆಯದು ಕೂರಿಸೋಣ, ಕನ್ನಡಿಯ ಮೂಲೆಯಲ್ಲಿ.
ಬಾಗಿಲಿಗೆ ಆರೂವರೆ ಇಂಚು, ಕಾಗದದ ಕೋನು.
ಡಿಕ್ಕಿಯ ಪೆಟ್ಟಿಗೆ? ಅವನೇ ತಲೆಯಾಡಿಸಿದ:
"ಓಟಿಯಾ ಪೆಟ್ಟಿಗೆಯೊಳಗೆ ಕೂತು ಹಾಡಿದವನಲ್ಲ."

ಬಾಗಿಲು ಬಿಚ್ಚಿದೆ. ತಗಡಿಗೆ ಡಾಂಬರಿನ ಹಾಳೆ
ಒತ್ತಿ, ಉಜ್ಜಿ, ಮತ್ತೆ ಒತ್ತಿ,
ಬೆರಳ ಗೆಣ್ಣಿನಿಂದ ಬಡಿದು ನೋಡಿದೆ.
ಖಾಲಿ ಡಬ್ಬದಂತಿದ್ದದ್ದು
ಮಾಗಿದ ಕುಂಬಳಕಾಯಿಯ ಹಾಗೆ ದಪ್ ಅಂದಿತು.

ಆಮೇಲೆ ಟೇಪು ಹಿಡಿದು ಅಳತೆ.
ಕೂತವನಿಗೆ ಪಕ್ಕದ ಸ್ಪೀಕರು ಹತ್ತಿರ, ಆಚೆಯದು ದೂರ;
ಹತ್ತಿರದ್ದನ್ನು ಕೂದಲೆಳೆಯಷ್ಟು ಹೊತ್ತು ತಡೆದು ನಿಲ್ಲಿಸಬೇಕು,
ದೂರದ್ದು ಬಂದು ಕೂಡಿಕೊಳ್ಳುವ ತನಕ.
ಈ ಲೆಕ್ಕ ಒಂದು ಸೀಟಿಗೆ ಮಾತ್ರ ಸರಿಹೋಗುತ್ತದೆ.
ಮಿಕ್ಕವರಿಗೆ ಸಿಕ್ಕಷ್ಟು.

"ನನಗೆ ಬೇಡ" ಎಂದ. "ಬಲಗಡೆಗೆ.
ಓಟಿಯಾ ಕೂರುತ್ತಾನೆ, ವಾರಕ್ಕೆ ಮೂರು ಸಲ,
ಇಲ್ಲಿಯ ಆಸ್ಪತ್ರೆಗೆ, ರಕ್ತ ತೊಳೆಸಲಿಕ್ಕೆ.
ಒಂದೂವರೆ ಗಂಟೆ ದಾರಿ.
ನಮ್ಮಿಬ್ಬರಲ್ಲಿ ಮಾತು ತೀರಿಹೋಗಿದೆ.
ಏನು ಹೇಳಿದರೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾನೆ."

ಎರಡು ರಾತ್ರಿ. ತಲೆಯಾಸರೆಗೆ ಮೈಕು ಕಟ್ಟಿ,
ಒಂದೊಂದೇ ಎಳೆ ಸರಿಸಿ, ಹಿಂದೆ ತಂದು, ಬೈದುಕೊಂಡು,
ಕೊನೆಗೆ ಮೂವರೂ ಬಂದು
ಕೈಪೆಟ್ಟಿಗೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಂತರು.
ನಾನೇ ಆ ಸೀಟಿನಿಂದ ಬೆಳಗಿನ ಜಾವ ಏಳಲಿಲ್ಲ.

ಶುಕ್ರವಾರ ಓಟಿಯಾ ಬಂದ, ಕೂತ, ಕೇಳಿದ.
ಹೇಗಿದೆ ಅಂದೆ.
"ಮೂಲೆಯಲ್ಲಿ ಯಾರೋ ಹಾಡುತ್ತಿದ್ದಾರೆ" ಎಂದ.
ಎಡಗಿವಿ ಮುಟ್ಟಿಕೊಂಡ: "ಇದು ಹೋಗಿ ಹನ್ನೊಂದು ವರ್ಷ."

ಎಡಗಿವಿ.
ಡ್ರೈವರಿನ ಕಡೆಯದು.

ಎಲ್ಗೂಜಾ ಸ್ಟೀರಿಂಗ್ ಮೇಲಿನ ಕೈ ತೆಗೆದು
ಮಡಿಲಲ್ಲಿಟ್ಟುಕೊಂಡ. "ಹೇಳಬಾರದಿತ್ತೇನೋ?"
ಓಟಿಯಾ ಕಿಟಕಿಯಾಚೆ ಟೈರು ಎಣಿಸುತ್ತಿದ್ದ.

ನನ್ನ ಎರಡು ರಾತ್ರಿಯ ಲೆಕ್ಕವನ್ನು ಒಂದು ಗುಂಡಿಯಿಂದ ಅಳಿಸಿದೆ.
ಎಡ ಬಲ ಎರಡೂ ಹೆಣೆದು ಒಂದೇ ತಂತಿ,
ಬಲದ ಬಾಗಿಲಿಗೆ ಎಲ್ಲವೂ.
ವಿದ್ಯೆಯ ದೃಷ್ಟಿಯಲ್ಲಿ ಇದು ಪಾಪ.
ಮೂವರು ಈಗ ಒಬ್ಬರ ಮೇಲೊಬ್ಬರು ನಿಂತಿದ್ದರು,
ಅಡಿಯಲ್ಲಿ ಓಟಿಯಾ.
ಅವನು ಮೊಣಕೈಯನ್ನು ಬಾಗಿಲಿಗೆ ಒರಗಿಸಿದ,
ಅಲ್ಲಿಂದ ಏನೋ ಹತ್ತಿಬಂದಿರಬೇಕು,
ಗಲ್ಲ ಕೊಂಚ ಮೇಲೆದ್ದಿತು.

"ಎರಡನೇ ಸಾಲಲ್ಲಿ ನಾನು ಇಳಿದಿದ್ದೇನೆ" ಎಂದ.
"ಇಲ್ಲ ಕಣೋ" ಎಂದ ಎಲ್ಗೂಜಾ.
"ಶ್ರುತಿಗಿಂತ ಒಂದೆಳೆ ಕೆಳಗೆ. ನಲವತ್ತು ವರ್ಷ ಯಾರೂ ಹೇಳಲಿಲ್ಲ."
"ಇಲ್ಲ ಅಂದೆನಲ್ಲ!"

ಬಿಲ್ಲಿನಲ್ಲಿ ಎಡಗಡೆಯ ಟ್ವೀಟರಿನ ದುಡ್ಡು ಕಳೆದೆ.
ಕಾರು ತಿರುವಿನಲ್ಲಿ ಹೊರಳುವಾಗ ಕಂಡದ್ದು ಇಷ್ಟು:
ಎಲ್ಗೂಜಾನ ಬಾಯಿ ಆಡುತ್ತಲೇ ಇತ್ತು,
ಓಟಿಯಾನ ಮೊಣಕೈ ಬಾಗಿಲಲ್ಲೇ ಇತ್ತು.