ಪದವಿನಲ್ಲಿ ಕುದುರೆಗಳಿಲ್ಲ

ರಜೆ ಸುರುವಾಗಿ ಹದಿನೇಳು ದಿನ.
ಬೋರಾಗುವುದೂ ಬೋರಾಗಿ ಹೋಗಿದೆ.
ಅಮ್ಮ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಸುರುಟುತ್ತಾಳೆ,
ಕತ್ತರಿಯ ಸದ್ದು ಬಿಟ್ಟರೆ ಮನೆಯಲ್ಲಿ ಮಾತಿಲ್ಲ.
ಗೋಡೆಯ ಗಡಿಯಾರ ಹನ್ನೊಂದೂಕಾಲಕ್ಕೆ ನಿಂತು
ಇನ್ನೊಂದು ಹನ್ನೊಂದೂಕಾಲನ್ನು ಕಾಯುತ್ತಿದೆ.

ಶಮ್ಮಾಸ್ ಕೊಟ್ಟ ಪೆನ್‌ಡ್ರೈವಿನಲ್ಲಿ ಮೂವತ್ತೊಂದು ಸಿನೆಮಾ.
ಹಾರುವ ಮನುಷ್ಯರದ್ದು, ಬೇರೆ ಗ್ರಹದ್ದು,
ಕಾರಿಗೆ ಕಾರು ಗುದ್ದುವುದು,
ಎಲ್ಲ ಅರ್ಧರ್ಧಕ್ಕೆ ಬಿಟ್ಟೆ.
ಹಿಡಿಸಿದ್ದು ಆರೇ ಆರು:
ಪಡುವಣ ದೇಶದ ಒಣ ನೆಲದವು, ಈಗಿನ ಕಾಲದವು,
ಟೊಪ್ಪಿ ಉಂಟು, ಕುದುರೆ ಕಡಿಮೆ,
ಕುದುರೆಯ ಜಾಗದಲ್ಲಿ ತುಕ್ಕು ಹಿಡಿದ ಪಿಕಪ್ಪು.

ಒಂದರಲ್ಲಿ ಮುದುಕ ಪೋಲೀಸು,
ಪೆನ್ಶನಿಗೆ ಇನ್ನು ಒಂದೇ ವಾರ,
ಹೆದ್ದಾರಿ ಬದಿಯ ಹೋಟೆಲಿನಲ್ಲಿ ಕಾಫಿ ಆರಲು ಬಿಟ್ಟು
ಕಿಟಕಿಯಾಚೆ ನೋಡುತ್ತಾನೆ.
ನಾಲ್ಕು ನಿಮಿಷ ಅಷ್ಟೆ, ನೋಡುವುದು.
'ಎಂತ ಉಂಟು ಮಾರಾಯ ಅದರಲ್ಲಿ, ಓಡಿಸು ಮುಂದೆ'
ಅನ್ನುತ್ತಾನೆ ಶಮ್ಮಾಸ್.
ನಾನು ಓಡಿಸುವುದಿಲ್ಲ.
ನನ್ನ ಹದಿನೇಳು ದಿನಗಳನ್ನು ಯಾರೋ
ಅಲ್ಲಿ ಕ್ಯಾಮರಾ ಇಟ್ಟು ಮರ್ಯಾದೆಯಿಂದ ನೋಡಿದ್ದಾರೆ.

ಅವರ ಇಂಗ್ಲಿಷು ಅರ್ಧ ತಿಳಿಯುತ್ತದೆ.
ಬಸ್ಸಿನ ಬೋರ್ಡು ಮಲಯಾಳ, ಬೈಗುಳ ತುಳು,
ಪರೀಕ್ಷೆ ಕನ್ನಡದಲ್ಲಿ ಬರೆದು ಬೆಳೆದವನಿಗೆ
ಅರ್ಧ ತಿಳಿದರೆ ಧಾರಾಳವಾಯಿತು.

ಮಧ್ಯಾಹ್ನ ಅಪ್ಪನ ಬುತ್ತಿ ಹಿಡಿದು ಪದವು ಹತ್ತಿದೆ.
ಎಪ್ರಿಲಿನ ಮುರಕಲ್ಲು, ಮೇಲೆ ಕರಿ, ಕಡಿದರೆ ಕೆಂಪು,
ಮುಳಿಹುಲ್ಲು ಬೆಂಕಿ ತಿಂದು ಮುಗಿದಿದೆ,
ಚಪ್ಪಲಿ ಅಂಟುತ್ತದೆ,
ಒಂದೇ ಒಂದು ಗಿಡುಗ, ಅದಕ್ಕೂ ಕೆಲಸವಿಲ್ಲ.
ಅವರ ಸಿನೆಮಾದಲ್ಲಿ ಗಡಿಯೆಂದರೆ
ಮುಳ್ಳುತಂತಿ, ರಾತ್ರಿ, ಟಾರ್ಚು, ನಾಯಿ.
ಇಲ್ಲಿ ನೆತ್ತಿ ಮುಟ್ಟಿದಾಗ ಫೋನು ಕುಂಯ್ ಅಂತು:
ಕರ್ನಾಟಕಕ್ಕೆ ಸ್ವಾಗತ.
ನಾಲ್ಕು ಹೆಜ್ಜೆ ಹಿಂದೆ ಬಂದೆ:
ಕೇರಳಕ್ಕೆ ಸ್ವಾಗತ.
ಮಾಡಲು ಬೇರೇನೂ ಇಲ್ಲದೆ
ಮೂರು ಸಲ ಸ್ವಾಗತ ಮಾಡಿಸಿಕೊಂಡೆ.
ಬುತ್ತಿ ತಣಿಯಿತು.

ಕೋರೆಯ ತಳದಲ್ಲಿ ಅಪ್ಪ.
ಬೈರಾಸು ಮೂಗಿನ ಮೇಲಕ್ಕೆ, ಕಣ್ಣು ಮಾತ್ರ ಹೊರಗೆ,
ಬ್ಯಾಂಕು ದೋಚಲು ಹೊರಟವನ ಹಾಗೆ.
ನನ್ನ ಕಂಡು ಮೆಷಿನು ನಿಲ್ಲಿಸಿದರು.
ಆ ಸದ್ದು ನಿಂತ ಮೇಲೆ ಬರುವ ಮೌನ ಉಂಟಲ್ಲ,
ಸಿನೆಮಾದಲ್ಲಾದರೆ ಅದರ ಹಿಂದೆಯೇ ಗುಂಡು.
ಇಲ್ಲಿ ಗಂಜಿ, ಒಣಮೀನಿನ ಚಟ್ನಿ,
ಮತ್ತೆ ಗಂಜಿ.
ಟಿಫಿನ್ನಿನ ಮುಚ್ಚಳ ಕೊಡುವಾಗ ಕೇಳಿದರು,
'ರಿಸಲ್ಟು ಯಾವಾಗ?'
'ಬರ್ತದೆ' ಅಂದೆ.
ಇಬ್ಬರೂ ಎದುರಿನ ಕೆಂಪು ಗೋಡೆ ನೋಡುತ್ತ ಕೂತೆವು,
ಗರಗಸದ ಗೆರೆ, ಗೆರೆಯ ಕೆಳಗೆ ಗೆರೆ,
ಒಬ್ಬನೇ ವಿದ್ಯಾರ್ಥಿ ಬರೆದು ಮುಗಿಸಲಾಗದ ಕಾಪಿಯ ಹಾಗೆ.

ರಾತ್ರಿ, ಕರೆಯದೆಯೇ, ನನ್ನ ಬದಿಯಲ್ಲಿ ಬಂದು ಕೂತರು.
ಆರನೆಯ ಸಿನೆಮಾ, ಎರಡನೆಯ ಸಲ.
ಕೊನೆ ಕಾಣದ ಬಯಲು, ಒಂಟಿ ಮನೆ,
ಟೊಪ್ಪಿಯವನು ಟೊಪ್ಪಿಯವನಿಗೆ ಗುರಿ ಹಿಡಿದಿದ್ದಾನೆ.
ಅಪ್ಪ ತುಂಬ ಹೊತ್ತು ನೋಡಿ ಕೇಳಿದರು,
'ಆ ಜಾಗೆ ಯಾರ ಹೆಸರಿನಲ್ಲಿ ಉಂಟು?'

ಆರು ಸಿನೆಮಾ ನೋಡಿದ್ದೆ. ನನಗೆ ಹೊಳೆದಿರಲಿಲ್ಲ.
ಮೊದಲಿನಿಂದ ಹಾಕಿದೆ, ಈ ಸಲ ಅದನ್ನೇ ಹುಡುಕುತ್ತ,
ಯಾರಾದರೂ ಹೇಳುತ್ತಾರೋ ಎಂದು,
ಪಾಟೆಯೋ ಕಾಗದವೋ, ಒಂದು ಸಹಿಯಾದರೂ.
ಮುದುಕನೊಬ್ಬ ಏನೋ ಗೊಣಗಿದ, ಸಬ್‌ಟೈಟಲು
ಓದುವ ಮೊದಲೇ ಹಾರಿತು.
ಹಿಂದಕ್ಕೆ ತರೋಣವೆಂದು ತಿರುಗಿದರೆ ಅಪ್ಪನಿಗೆ ನಿದ್ದೆ,
ಕೂತಲ್ಲೇ, ಬಾಯಿ ಸ್ವಲ್ಪ ತೆರೆದು.

ನಿಲ್ಲಿಸಿದೆ.
ಪಿಕಪ್ಪಿನ ಹಿಂದೆ ಎದ್ದ ಧೂಳು
ತೆರೆಯ ಮೇಲೆ ಹಾಗೆಯೇ ನಿಂತಿತು.
ಅದರ ಬೆಳಕಿಗೆ ಕಂಡಿತು, ಮಿಂದು ಬಂದವರ
ಕಿವಿಯ ಮಡಿಕೆಯಲ್ಲಿ
ಇನ್ನೂ ಒಂದಿಷ್ಟು ಕೆಂಪು.