ಪೋಡಿ, ಪೋಡಿಗೆ

ಹತ್ತೊಂಬತ್ತು ನಿಮಿಷ.
ಅಕ್ಕನ ಮಗಳ ಮೊಣಕೈ ಎಕ್ಸ್‌ರೇ ಕೋಣೆಯ ಹೊರಗೆ
ಸರದಿಯಲ್ಲಿ ಕೂತು ಊದುತ್ತಿದ್ದಾಗ
ಕೆಳಗೆ ನನ್ನ ಸ್ಕೂಟರು ಅಷ್ಟು ಹೊತ್ತು ಹೆಚ್ಚು ನಿಂತಿತಂತೆ.
ಫೋಟೋ ಕಳಿಸಿದ್ದಾರೆ: ಹಿಂದಿನ ನಂಬರ್ ಪ್ಲೇಟು,
ಕೊಕ್ಕೆಯಲ್ಲಿ ತೂಗುವ ಜೀಗುಜ್ಜೆಯ ಚೀಲ.
ಕಳ್ಳಿಯ ಫೋಟೋ ಹಾಗೆಯೇ ಅಲ್ವಾ ತೆಗೆಯುವುದು,
ಮಾಲು ಸಮೇತ.

ಮೊದಲ ಕಾಗದ ಎಂಟುನೂರು ಕೇಳಿತು.
ಎರಡನೆಯದು ಸಾವಿರದ ಆರುನೂರು.
ಮೂರನೆಯದರಲ್ಲಿ ಅಕ್ಷರವೆಲ್ಲ ಕೆಂಪು,
ಮೂರು ಸಾವಿರದ ಇನ್ನೂರೈವತ್ತು, ಏಳು ದಿನದೊಳಗೆ,
ಇಲ್ಲವಾದರೆ ಕಾನೂನು ಕ್ರಮ, ಎಲ್ಲೂ ಸಾಲ ಸಿಗದಂತೆ ಕ್ರಮ,
‘ನಮ್ಮ ಅಧಿಕಾರಿಗಳು ನಿಮ್ಮ ಮನೆಗೆ ಭೇಟಿ ನೀಡಲಿದ್ದಾರೆ.’
ಅಧಿಕಾರಿಗಳು!
ಬೋಳಾರದ ಆ ಓಣಿಯಲ್ಲಿ ನಮ್ಮ ಮನೆಗೆ
ಗ್ಯಾಸಿನವನೇ ಎರಡು ಸಲ ದಾರಿ ಕೇಳಿ ಬರುವುದು.

ತುಳುವಿನಲ್ಲಿ ಹೆದರಿಕೆಗೆ ಪೋಡಿಗೆ ಎನ್ನುತ್ತೇವೆ.
ನಾನು ಮಾರುವುದು ಪೋಡಿ.
ಹದಿನಾಲ್ಕು ವರ್ಷ ಒಂದರಿಂದ ಬದುಕಿದವಳಿಗೆ
ಆ ವಾರ ಇನ್ನೊಂದು ಅಂಟಿಕೊಂಡಿತು.
ಎಣ್ಣೆ ಕಾದ ಹೊತ್ತಿಗೇ ಫೋನು, ಹಿಂದಿಯಲ್ಲಿ,
ಮೇಡಂ, ಲಾಸ್ಟ್ ಚಾನ್ಸ್.
ಹಿಟ್ಟಿಗೆ ಉಪ್ಪು ಎರಡು ಸಲ ಬಿತ್ತು.
ಬಂದರಿನ ಲೋಡರ್ ಒಬ್ಬ ಕಚ್ಚಿದ,
ನನ್ನ ಮುಖ ನೋಡಿದ, ನುಂಗಿದ.
ರಾತ್ರಿ ಬೈಕೊಂದು ಓಣಿಗೆ ತಿರುಗಿದರೆ ಎದ್ದು ಕೂತು
ಅದು ದಾಟಿ ಹೋಗುವ ತನಕ ಲೆಕ್ಕ:
ಪ್ಲೇಟಿಗೆ ಮೂವತ್ತು. ಅಷ್ಟಕ್ಕೆ ಎಷ್ಟು ಪ್ಲೇಟು?
ಎಷ್ಟು ಜೀಗುಜ್ಜೆ?

ದೂಮಪ್ಪ ಅಮೀನರ ಹತ್ತಿರ ಹೋದೆ.
ಹೆಸರಿನಲ್ಲೂ ಅಮೀನ್, ಮಾಡಿದ ಕೆಲಸವೂ ಕೋರ್ಟಿನ ಅಮೀನ;
ಮೂವತ್ತೊಂದು ವರ್ಷ ಊರೂರಿನ ಬಾಗಿಲುಗಳಿಗೆ
ಸಮನ್ಸು ಅಂಟಿಸಿದ ಕೈ.
ಮೀನಿನ ಕಿವಿರು ಎತ್ತಿ ನೋಡುವ ಹಾಗೆ
ಕಾಗದದ ಮೂಲೆ ಎತ್ತಿ ನೋಡಿದರು.
‘ಎಂತ ಮಾರಾಯ್ತಿ, ಇದು ಹಾಳಾದ ಬಂಗುಡೆ.
ನಂಬರು ಎಲ್ಲುಂಟು? ಮೊಹರು ಎಲ್ಲುಂಟು? ಯಾವ ಕೋರ್ಟು?
ದಂಡ ಹಾಕಲಿಕ್ಕೆ ಇವರೇನು ಸರಕಾರವಾ?
ಬೇಕಾದರೆ ದಾವೆ ಹೂಡಿ ಕೇಳಲಿ.
ನಿಜವಾದ ಕಾಗದ ಬೊಬ್ಬೆ ಹೊಡೆಯುವುದಿಲ್ಲ.
ನಾನು ಅಂಟಿಸಿದ ಒಂದರಲ್ಲೂ ಕೆಂಪು ಅಕ್ಷರ ಇರಲಿಲ್ಲ.
ಆದರೂ ಜನ ನಡುಗುತ್ತಿದ್ದರು.’
ಮತ್ತೆ ಸ್ವಲ್ಪ ಹೊತ್ತು ಸುಮ್ಮನಾದರು.
ಯಾವುದೋ ಬಾಗಿಲು ನೆನಪಾಗಿರಬೇಕು.

ಹಾಗಾದರೆ ಇದರಲ್ಲೇ ಪೋಡಿ ಕಟ್ಟಿ ಕೊಡ್ತೇನೆ ಅಂದೆ.
‘ಬೇಡ. ಫೈಲು ಮಾಡು. ಹೆದರಿಸಿದ್ದಕ್ಕೂ ಸಾಕ್ಷಿ ಬೇಕಾಗ್ತದೆ.
ಕೋರ್ಟಿನದ್ದು ಬಂದರೆ ಮಾತ್ರ ಓಡಿ ಬಾ, ರಾತ್ರಿಯಾದರೂ.’

ಅವರು ಹೇಳಿದರು, ನಾನು ಬರೆದೆ, ನಾಲ್ಕೇ ಸಾಲು:
ಜಾಗ ಯಾರದು? ಯಾವ ಕಾನೂನಿನಲ್ಲಿ ಈ ಮೊತ್ತ?
ನಿಮ್ಮ ಷರತ್ತಿನ ಬೋರ್ಡು
ಮೊಸರುಕುಡಿಕೆಯ ಶುಭ ಕೋರುವ ಫ್ಲೆಕ್ಸಿನ ಹಿಂದೆ ಇದೆ,
ಫೋಟೋ ಲಗತ್ತಿಸಿದ್ದೇನೆ.
ಪಾಂಡೇಶ್ವರದ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿದೆ.
ಹನ್ನೊಂದನೆಯ ದಿನ ಲಕೋಟೆ ತಿರುಗಿ ಬಂತು,
ಮೇಲೆ ಅಂಚೆಯವನ ನೀಲಿ ಪೆನ್ನು:
‘ಬಾಗಿಲು ಹಾಕಿದೆ. ಇಂಥವರು ಇಲ್ಲಿ ಇಲ್ಲ.’

ನಾಲ್ಕನೆಯ ಕಾಗದ ಆಮೇಲೂ ಬಂತು. ಐದು ಸಾವಿರ.
ರಂಧ್ರ ಹೊಡೆದು ಫೈಲಿಗೆ ಸೇರಿಸಿದೆ.

ನಿನ್ನೆ ಸಂಜೆ ಆ ಪಾರ್ಕಿಂಗಿನ ಹುಡುಗ ಗಾಡಿಗೆ ಬಂದ,
ಹಳದಿ ಜಾಕೆಟಿನಲ್ಲೇ. ಹಾವೇರಿ ಕಡೆಯವ,
ಮಾತಿನಲ್ಲೇ ಗೊತ್ತಾಗ್ತದೆ.
‘ಕಾಗದ ಕಳಸೋರು ನಾವಲ್ರೀ ಅಕ್ಕಾ,
ನಾವು ಬರೇ ಫೋಟೋ ಹೊಡಿಯೋರು.
ಎರಡು ತಿಂಗಳಾತು, ಪಗಾರಿಲ್ಲ.’
ಎರಡು ಪ್ಲೇಟು ತಿಂದ.
ಎರಡಕ್ಕೂ ದುಡ್ಡು ತಗೊಂಡೆ, ಚೌಕಾಸಿ ಇಲ್ಲ.
ಚಟ್ನಿ ಮಾತ್ರ ಅವನು ಕೇಳುವ ಮೊದಲೇ ಹಾಕಿದೆ.

ಕೈ ಒರೆಸುತ್ತಾ ಗಾಡಿಯ ಹಿಂದೆ ನಿಂತ
ನನ್ನ ಸ್ಕೂಟರಿನ ಕಡೆ ನೋಡಿದ,
ಆಮೇಲೆ, ಅಭ್ಯಾಸಬಲದಿಂದ,
ಗಡಿಯಾರ.